ಗಾಮಾ ಕಿರಣ ಹಾಯಿಸಿದ ಉಳ್ಳಾಗಡ್ಡಿ ತಿನ್ನಬಹುದಾ? ನಮ್ಮ ಬೆಳೆಗೂ ಮಾಡಿಸಬಹುದಾ?

ಧೈರ್ಯವಾಗಿ ತಿನ್ನಿ. ಬೆಳೆಯ ವಿಷಯ ಕೊನೆಗೆ ಹೇಳುತ್ತೇನೆ.

ನಾನು ಬಾಗಲಕೋಟೆಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತೇನೆ. ಅಪ್ಪ ಉಳ್ಳಾಗಡ್ಡಿ ಬೆಳೆಯುತ್ತಾರೆ. ಮಹಾರಾಷ್ಟ್ರದ ಲಾಸಲಗಾಂವದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಮೊಳಕೆ ಬರದಂತೆ ಉಳ್ಳಾಗಡ್ಡಿಗೆ ಗಾಮಾ ಹಾಯಿಸುವ ಘಟಕ ಮಾಡಿದ್ದಾರೆ ಅಂದಾಗ ಅವರೂ ಕೇಳಿದ್ದರು, "ಅಣುಬಾಂಬಿನ ಸಾಮಾನು ಹಾಕ್ತಾರೇನೋ ಅದಕ್ಕ?"

ಹಾಕುವುದು ಏನೂ ಇಲ್ಲ. ಗಾಮಾ ಕಿರಣ ಸೂಸುವ ಲೋಹ ಕೋಬಾಲ್ಟ್-60, ಸ್ಟೀಲ್ ಕೊಳವೆಯೊಳಗೆ ಸೀಲ್ ಆಗಿರುತ್ತದೆ. ಉಳ್ಳಾಗಡ್ಡಿ ಅದರ ಎದುರು ಹಾದು ಹೋಗುತ್ತದೆ, ಅಷ್ಟೇ. ಕೋಬಾಲ್ಟಿನ ಪುಡಿ ಮೆತ್ತಿದ್ದರೆ ಅಪಾಯ ನಿಜ. ಆದರೆ ಇಲ್ಲಿ ತಾಗುವುದು ಗಾಮಾ ಕಿರಣ ಮಾತ್ರ, ಅದು ಬೆಳಕಿನ ಜಾತಿಯದೇ. ಎಕ್ಸ್‌ರೇ ತೆಗೆಸಿಕೊಂಡವರು ಅದನ್ನು ಮೈಯಲ್ಲಿ ಹೊತ್ತು ಮನೆಗೆ ಬರಲ್ಲ, ಅಲ್ವಾ?

ಉಳ್ಳಾಗಡ್ಡಿ ತಾನೇ ವಿಕಿರಣ ಸೂಸಬೇಕಾದರೆ ಅದರ ಪರಮಾಣುಗಳ ನ್ಯೂಕ್ಲಿಯಸ್ ಬದಲಾಗಬೇಕು. ಕೋಬಾಲ್ಟಿನ ಗಾಮಾ ಕಿರಣಕ್ಕಿರುವ ಶಕ್ತಿ 1.17 ಮತ್ತು 1.33 ಎಂಇವಿ (ಪರಮಾಣು ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ). ಸಾಮಾನ್ಯ ಇಂಗಾಲ, ಆಮ್ಲಜನಕದಿಂದ ಒಂದು ನ್ಯೂಟ್ರಾನ್ ಕಿತ್ತು ತೆಗೆಯಲು 15 ಎಂಇವಿಗೂ ಜಾಸ್ತಿ ಬೇಕು. ಇನ್ನೊಂದು ಮಾತು: ಹೊಲದಿಂದ ಈಗಷ್ಟೇ ಕಿತ್ತ ಉಳ್ಳಾಗಡ್ಡಿಯಲ್ಲೂ ಪೊಟ್ಯಾಸಿಯಂ-40 ಇದೆ. ಒಂದು ಕಿಲೋದಲ್ಲಿ ಸೆಕೆಂಡಿಗೆ ಸುಮಾರು 40-50 ಪರಮಾಣುಗಳು ತಾವಾಗಿಯೇ ವಿಕಿರಣ ಬಿಡುತ್ತಿರುತ್ತವೆ. ಅಜ್ಜ-ಅಜ್ಜಿ ತಿಂದದ್ದೂ ಅದನ್ನೇ.

ಹಾಗಾದರೆ ಗಾಮಾ ಮಾಡುವುದೇನು? ಒಂದು ಗಡ್ಡಿ ಉದ್ದಕ್ಕೆ ಸೀಳಿ ನೋಡಿ. ನಟ್ಟನಡುವೆ, ಬುಡಕ್ಕೆ ಅಂಟಿಕೊಂಡು ಸಣ್ಣ ಕುಡಿ ಇರುತ್ತದೆ. ಗಾಮಾ ಅಲ್ಲಿನ ಜೀವಕೋಶಗಳ ಡಿಎನ್‌ಎ ಕೆಡಿಸುತ್ತದೆ, ಮೊಳಕೆ ಏಳಲ್ಲ. ತಿಂಗಳುಗಟ್ಟಲೆ ಇಟ್ಟು ಸೀಳಿದರೆ ಆ ಜಾಗ ಕಂದಾಗಿ ಕಾಣಬಹುದು. ಅದು ವಿಷವಲ್ಲ, ಸತ್ತ ಕುಡಿ. ಇದಕ್ಕೆ 100 ಗ್ರೇಗಿಂತ (ಹೀರಿಕೊಂಡ ವಿಕಿರಣ ಅಳೆಯುವ ಮಾನ) ಕಡಿಮೆ ಸಾಕು. ಅಷ್ಟರಲ್ಲಿ ಉಳ್ಳಾಗಡ್ಡಿಯ ಬಿಸಿ ಒಂದು ಡಿಗ್ರಿಯ ನಲವತ್ತನೇ ಒಂದು ಪಾಲೂ ಏರಲ್ಲ.

ಈಗ ನಿಮ್ಮ ಬೆಳೆ. ಗಾಮಾ ಮೊಳಕೆ ತಡೆಯುತ್ತದೆ, ಕೊಳೆಯುವುದನ್ನಲ್ಲ. ನಮ್ಮ ಕಡೆ ಮುಂಗಾರಿ ಉಳ್ಳಾಗಡ್ಡಿ ಕೀಳುವಾಗಲೇ ಮಳೆ ಹಿಡಿಯುತ್ತದೆ. ಕುತ್ತಿಗೆ ಹಸಿ ಇರುವ ಗಡ್ಡಿಗೆ ಎಷ್ಟು ಕಿರಣ ಹಾಯಿಸಿದರೂ ಚೀಲದಲ್ಲಿ ನೀರೊಡೆಯುತ್ತದೆ. ಅದಕ್ಕೆ ದುಡ್ಡು ಸುರಿಯಬೇಡಿ, ಗಾಳಿಯಾಡುವ ಶೆಡ್ ಮೊದಲು ಕಟ್ಟಿ. ಚೆನ್ನಾಗಿ ಒಣಗಿದ ಮಾಲು ಇದ್ದು, ನಾಲ್ಕೈದು ತಿಂಗಳು ಇಡುವ ಯೋಚನೆ ಇದ್ದರೆ ಮಾತ್ರ ಮಾಡಿಸಿ. ಅದೂ ಕಿತ್ತ ಕೆಲವೇ ವಾರಗಳಲ್ಲಿ, ಒಳಗಿನ ಕುಡಿ ಇನ್ನೂ ನಿದ್ದೆಯಲ್ಲಿರುವಾಗಲೇ.