ಸಿಹಿ ಮುಟ್ಟದ ಅಕ್ಕನ ಶುಗರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ನಾನು ಕಾಫಿಗೂ ಸಕ್ಕರೆ ಹಾಕಲ್ಲ. ಮನೇಲಿ ಯಾರೂ ನಂಬಲ್ಲ." ಕುಳಿತ ಕೂಡಲೇ ಆ ಅಕ್ಕ ಅತ್ತರು. ವಯಸ್ಸು 46. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಬೆಳಿಗ್ಗೆ ಒಂದು ಗಂಟೆ ಬೆರಳು ಮಡಚಲು ಆಗುವುದಿಲ್ಲ. ಈಗ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, 6.2 ಬಂದಿದೆ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಕದ್ದು ತಿನ್ನುತ್ತಾಳೆ ಅಂತ ಅತ್ತೆ, ಸೋಮಾರಿ ಅಂತ ಗಂಡ.

ಮಾತಿನ ನಡುವೆ ಇನ್ನೊಂದು ವಿಷಯ ಹೊರಬಿತ್ತು. ಸ್ಟೆರಾಯ್ಡ್‌ನಿಂದ ಶುಗರ್ ಏರುತ್ತೆ ಎಂದು ಯಾರೋ ಹೇಳಿದರಂತೆ. ಕೀಲಿನ ಕಾಯಿಲೆಗೆ ವರ್ಷದಿಂದ ನುಂಗುತ್ತಿದ್ದ ಸ್ಟೆರಾಯ್ಡ್ ಮಾತ್ರೆಯನ್ನು ನಾಲ್ಕು ದಿನದ ಹಿಂದೆ ತಾವೇ ನಿಲ್ಲಿಸಿದ್ದರು. ಈಗ ತಲೆಸುತ್ತು, ವಿಪರೀತ ಸುಸ್ತು. ನನಗೆ ಗಾಬರಿಯಾಯಿತು. ಅಷ್ಟು ದಿನ ಮಾತ್ರೆ ತೆಗೆದುಕೊಂಡವರ ದೇಹ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸಾಲ್ ತಯಾರಿಯನ್ನು ತಗ್ಗಿಸಿರುತ್ತದೆ. ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಉಳಿದ ಮಾತೆಲ್ಲ ಆಮೇಲೆ ಎಂದು ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನ್ ಮಾಡಿಸಿ, ಕಳುಹಿಸಿಕೊಟ್ಟೆ.

ಮುಂದಿನ ವಾರ ಗಂಡನೂ ಬಂದಿದ್ದರು. ಇಬ್ಬರಿಗೂ ಬಿಡಿಸಿ ಹೇಳಿದೆ. ಈ ಕಾಯಿಲೆಯ ಉರಿಯೂತ ಕೀಲಿನಲ್ಲೇ ನಿಲ್ಲುವುದಿಲ್ಲ. ಟಿಎನ್‌ಎಫ್, ಐಎಲ್-6 ಎಂಬ, ಉರಿಯೂತ ಹೆಚ್ಚಿಸುವ ವಸ್ತುಗಳು ರಕ್ತದಲ್ಲಿ ಸುತ್ತುತ್ತಾ ಇರುತ್ತವೆ. ಅವುಗಳ ಕಾಟಕ್ಕೆ, ಇನ್ಸುಲಿನ್ ಕರೆದರೂ ಸ್ನಾಯು ಸರಿಯಾಗಿ ಓಗೊಡುವುದಿಲ್ಲ. ನೋವಿಗೆ ಓಡಾಟ ಕಡಿಮೆಯಾಗಿ ಸ್ನಾಯು ಸವೆದಿರುತ್ತದೆ. ಅದರ ಮೇಲೆ ಸ್ಟೆರಾಯ್ಡ್. ಇಷ್ಟೆಲ್ಲಾ ಇರುವಾಗ ಸುಮ್ನೆ ಬಾಯಿಚಪಲ ಅಂತ ಬೈದರೆ ಹೇಗೆ, ಅಲ್ವಾ? ಗಂಡ ತಲೆ ತಗ್ಗಿಸಿದರು.

ಕೀಲಿನ ಔಷಧಿ ತಪ್ಪಿಸಬೇಡಿ ಅಕ್ಕಾ ಎಂದೆ. ಉರಿಯೂತ ಇಳಿದರೆ ಇನ್ಸುಲಿನ್‌ಗೂ ದಾರಿ ಸಲೀಸು. ಸ್ಟೆರಾಯ್ಡ್ ಕಡಿಮೆ ಮಾಡುವುದು ಡಾಕ್ಟರ್ ಹೇಳಿದ ಹಾಗೆ, ಮೆಲ್ಲಗೆ. ಮುದ್ದೆ ಚಿಕ್ಕದಿರಲಿ, ಸೊಪ್ಪು, ಕಾಳು ಜಾಸ್ತಿ ಇರಲಿ. ಬಿಗಿತ ಬಿಟ್ಟ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಮಂಡಿ ಊದಿದ ದಿನ ಬೇಡ.

"ಖಾಲಿ ಹೊಟ್ಟೆ ಶುಗರ್ 94, ಸರಿಯಾಗೇ ಇತ್ತಲ್ಲಾ ಮೇಡಂ?" ಎಂದರು ಗಂಡ. ಒಳ್ಳೆಯ ಪ್ರಶ್ನೆ. ಬೆಳಿಗ್ಗೆ ನುಂಗಿದ ಸ್ಟೆರಾಯ್ಡ್ ಶುಗರ್ ಏರಿಸುವುದು ಹೆಚ್ಚಾಗಿ ಮಧ್ಯಾಹ್ನದಿಂದ ಸಂಜೆವರೆಗೆ. ಬೆಳಗಿನ ಪರೀಕ್ಷೆಯಲ್ಲಿ ಅದು ಸಿಗದೇ ಇರಬಹುದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಂದು ಸಲ ನೋಡಿಸಿ ಎಂದೆ. ಅವರು ಮೊಬೈಲ್ ತೆಗೆದು, ಹೆಂಡತಿಯನ್ನು ಊಟದ ಹೊತ್ತು ಕೇಳಿ, ಅಲಾರಂ ಇಟ್ಟುಕೊಂಡರು.