ಅಲ್ಮೇರಾದ ಹಿಂದಿನ ಕೆಂಪು ಸಿಲಿಂಡರ್

ಪ್ರಶ್ನೆ: ಮೊನ್ನೆ ಜಾತಿ ಸರ್ಟಿಫಿಕೇಟಿಗೆ ಅಂತ ಇಲ್ಲಿಯ ಒಂದು ಸರಕಾರಿ ಆಫೀಸಿಗೆ ಹೋಗಿದ್ದೆ ಸರ್, ಕ್ಯೂ ಉದ್ದ ಇತ್ತು, ಸುಮ್ನೆ ಆಚೀಚೆ ನೋಡ್ತಾ ನಿಂತೆ. ಬೆಂಕಿ ನಂದಿಸುವ ಸಿಲಿಂಡರ್ ಅಲ್ಮೇರಾದ ಹಿಂದೆ ಉಂಟು, ಅದರ ಕುತ್ತಿಗೆಗೆ ಯಾರದ್ದೋ ಕೊಡೆ ನೇತು ಹಾಕಿದ್ದಾರೆ, ಟ್ಯಾಗಲ್ಲಿ ಸರ್ವೀಸ್ ಡೇಟ್ 2019. ಹಿಂದಿನ ಬಾಗಿಲಿಗೆ ಬೀಗ, ಮೆಟ್ಟಿಲಿನ ಅಡಿ ಪೂರ್ತಿ ಹಳೇ ಫೈಲು. ಸರಕಾರದ ಬಿಲ್ಡಿಂಗನ್ನು ಯಾರು ಚೆಕ್ ಮಾಡುವುದು? ನಂಗೆ ಮಲಯಾಳಂ ಬರೀಲಿಕ್ಕೂ ಬರುವುದಿಲ್ಲ.
– ಓದುಗರು, ಮಂಜೇಶ್ವರ ತಾಲೂಕು, ಕೇರಳ

ಉತ್ತರ: ಕೊಡೆ ವಿಷಯ ಓದಿ ನಗು ಬಂತು, ಬೀಗದ ವಿಷಯಕ್ಕೆ ಬರುವಾಗ ನಗು ನಿಂತಿತು ಮಾರಾಯ್ರೇ. ಇಲ್ಲಿ ಚೆಕ್ ಮಾಡುವವರೂ ಸರಕಾರ, ಮಾಡಿಸಿಕೊಳ್ಳುವವರೂ ಸರಕಾರ. ಫೈರ್ ಫೋರ್ಸಿನವರು ನೋಡಿ ರಿಪೋರ್ಟ್ ಕೊಟ್ಟರೂ ವಯರಿಂಗ್ ಸರಿ ಮಾಡುವುದು ಪಿಡಬ್ಲ್ಯುಡಿ ಇಲೆಕ್ಟ್ರಿಕಲ್‌ನವರು, ದುಡ್ಡು ಬರಬೇಕಾದ್ದು ಇಲಾಖೆಯಿಂದ, ಆಫೀಸಿನ ಸಾಹೇಬ್ರು "ನಾನು ಮೇಲೆ ಬರ್ದಿದ್ದೇನೆ" ಅಂತ ಕೈ ತೊಳ್ಕೊಳ್ತಾರೆ. 2020ರ ಆಗಸ್ಟಲ್ಲಿ ತಿರುವನಂತಪುರದ ಸೆಕ್ರೆಟರಿಯೇಟಿಗೇ ಬೆಂಕಿ ಬಿತ್ತಲ್ಲ, ಆಗ್ಲೂ ಸುಟ್ಟ ಫೈಲ್ ಯಾವುದು ಅನ್ನುವ ರಾಜಕೀಯ ಜಗಳವೇ ಜಾಸ್ತಿ ಆಯ್ತು. ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯಲ್ಲಿ 2021ರ ಜನವರಿ 9ರ ನಸುಕಿನಲ್ಲಿ ಬೆಂಕಿ ಬಿದ್ದು 10 ಹಸುಗೂಸುಗಳು ಹೋದುವು, ಅದೂ ಸರಕಾರಿ ಬಿಲ್ಡಿಂಗೇ.

ನೀವು ಮೊದಲು ಆಫೀಸಿನ ಮುಖ್ಯಸ್ಥರಿಗೆ ಒಂದು ದೂರು ಬರೀರಿ, ಕನ್ನಡದಲ್ಲೇ ಬರೀರಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿ ಉಂಟು. ಕಾಪಿ ಹತ್ತಿರದ ಫೈರ್ ಸ್ಟೇಷನಿಗೂ ಕೊಡಿ, ಎರಡು ಕಡೆಯೂ ಸೀಲ್ ಹಾಕಿಸಿಕೊಳ್ಳಿ. ಅದರಲ್ಲೂ ಬೀಗದ ವಿಷಯ ಮೊದಲು ಬರೀರಿ, ಅದಕ್ಕೆ ಟೆಂಡರು ಬೇಡ, ಬಜೆಟ್ಟು ಬೇಡ, ಕೀ ತಿರುಗಿಸಿದ್ರೆ ಆಯ್ತು.

ಸುದ್ದಿ ಇಲ್ಲದಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಫೀಸು 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡ್ಬೇಕು. "ಸುರಕ್ಷೆ ಉಂಟಾ" ಅಂತ ಕೇಳ್ಬೇಡಿ, ಉಂಟು ಅಂತಾರೆ. ಕೊನೆಯ ಫೈರ್ ಆಡಿಟ್ (ಬೆಂಕಿ ಸುರಕ್ಷೆಯ ತಪಾಸಣೆ) ಆದ ತಾರೀಕು, ರಿಪೋರ್ಟಿನ ಕಾಪಿ, ಅದರಲ್ಲಿ ಹೇಳಿದ ಕೆಲಸದಲ್ಲಿ ಆದದ್ದೆಷ್ಟು, ಬಾಕಿಯದ್ದು ಯಾವ ಹುದ್ದೆಯವರ ಟೇಬಲಲ್ಲಿ ಉಂಟು, ಇಷ್ಟು ಕೇಳಿ.

ಇನ್ನೊಮ್ಮೆ ಹೋದಾಗ ಸಿಲಿಂಡರಿನ ಮೀಟರ್ ನೋಡಿ, ಮುಳ್ಳು ಹಸಿರಲ್ಲಿ ಇರ್ಬೇಕು. ಮೀಟರೇ ಇಲ್ಲ, ಬಾಯಿಗೆ ಕಪ್ಪು ಕೊಂಬಿನ ಹಾಗೆ ಉಂಟಾದ್ರೆ ಅದು ಕಾರ್ಬನ್ ಡೈಆಕ್ಸೈಡಿಂದು, ಗ್ಯಾಸ್ ಉಂಟಾ ಇಲ್ವಾ ಅಂತ ತೂಕ ಹಾಕಿಯೇ ಹೇಳುವುದು. ಟ್ಯಾಗಿನ ಫೋಟೋ ಒಂದು ತೆಗೆದು ಅರ್ಜಿಗೆ ಪಿನ್ ಮಾಡಿ, ಕೊಡೆ ಸಮೇತ ಬಂದ್ರೂ ತೊಂದರೆ ಇಲ್ಲ.