ಸ್ಮಾರ್ಟ್ ದೀಪಗಳಿಗೆ ಹಾಕಿದ ಹಣ ಹುಟ್ಟುತ್ತದೆಯೇ?

ಮನೆಯ ಹನ್ನೆರಡು ಎಲ್‌ಇಡಿ ಬಲ್ಬುಗಳನ್ನೂ ತೆಗೆದು, ಫೋನಿನಿಂದಲೇ ಹಚ್ಚಿ ಆರಿಸಬಹುದಾದ ಸ್ಮಾರ್ಟ್ ಬಲ್ಬು ಹಾಕಿದರೆ ಕೊಟ್ಟ ಹಣ ವಿದ್ಯುತ್ ಬಿಲ್ಲಿನಲ್ಲಿ ಹುಟ್ಟುತ್ತದೆಯೇ ಎಂದು ಕೇಳಿದ್ದೀರಿ. ಹುಟ್ಟುವುದಿಲ್ಲ. ಐದು ವರ್ಷ ಬಳಸಿದವನಾಗಿ ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಹಾಗೆಂದು ಅವು ದಂಡ ಎನ್ನಲು ನನಗೆ ಮನಸ್ಸಿಲ್ಲ. ನನ್ನ ಮನೆಯಲ್ಲಿ ಒಂದು ಕಡೆ ಅವು ಕೊಟ್ಟ ಹಣಕ್ಕಿಂತ ಹೆಚ್ಚು ಕೆಲಸ ಮಾಡಿವೆ.

ಮೊದಲು ಲೆಕ್ಕ ನೋಡಿ. ಹಳೆಯ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಬೆಳಕನ್ನು ಎಲ್‌ಇಡಿ ಸುಮಾರು 9 ವ್ಯಾಟ್‌ನಲ್ಲಿ ಕೊಡುತ್ತದೆ. ದೊಡ್ಡ ಉಳಿತಾಯವೆಲ್ಲ ಅಲ್ಲಿಯೇ ಆಗಿಹೋಗಿದೆ, ಅದು ಈಗಾಗಲೇ ನಿಮ್ಮ ಕೈಸೇರಿದೆ. ಇನ್ನು ಉಳಿಯುವುದು ಮರೆತು ಉರಿಸಿದ ದೀಪದ ಖರ್ಚು. 9 ವ್ಯಾಟ್ ದೀಪವೊಂದನ್ನು ದಿನಕ್ಕೆ ಒಂದು ಗಂಟೆ ಸುಮ್ಮನೆ ಉರಿಸಿದರೂ ವರ್ಷಕ್ಕೆ ಆಗುವುದು 3.3 ಯೂನಿಟ್. ಸ್ಮಾರ್ಟ್ ಬಲ್ಬು ಆರಿದಂತೆ ಕಂಡರೂ ಪೂರ್ತಿ ಆರಿರುವುದಿಲ್ಲ. ಫೋನಿನ ಕರೆಗೆ ಓಗೊಡಲು ಅದರ ರೇಡಿಯೋ ಸದಾ ಎಚ್ಚರವಾಗಿರಬೇಕು. ಅದಕ್ಕೆ ಅರ್ಧ ವ್ಯಾಟ್ ಎಂದು ಹಿಡಿದರೂ ವರ್ಷಕ್ಕೆ 4.4 ಯೂನಿಟ್ ಆಯಿತು. ಹನ್ನೆರಡು ಬಲ್ಬು ಸೇರಿದರೆ ಸುಮಾರು 53 ಯೂನಿಟ್, ಅದೂ ಕತ್ತಲಲ್ಲಿ ಕುಳಿತಿದ್ದರೂ. ಒಳ್ಳೆಯ ಬಲ್ಬುಗಳು ಇದಕ್ಕಿಂತ ಕಡಿಮೆ ತಿನ್ನುತ್ತವೆ, ಆದರೆ ಬಲ್ಬಿನ ಬೆಲೆಯನ್ನು ಹಿಂದಿರುಗಿಸುವಷ್ಟು ಉಳಿತಾಯ ಯಾವುದರಿಂದಲೂ ಆಗುವುದಿಲ್ಲ.

ಎರಡನೆಯ ತೊಂದರೆ ಗೋಡೆಯ ಸ್ವಿಚ್ಚಿನದು. ನಾನು ಮೊದಲು ಹಾಲ್‌ಗೆ ಸ್ಮಾರ್ಟ್ ಬಲ್ಬು ಹಾಕಿದೆ. ಕೋಣೆಯಿಂದ ಹೊರಬರುವಾಗ ಸ್ವಿಚ್ ಒತ್ತುವುದು ಮನೆಯವರೆಲ್ಲರ ಕೈಗೆ ಅಂಟಿದ ಅಭ್ಯಾಸ. ಒತ್ತಿದರೆ ಬಲ್ಬಿಗೆ ಕರೆಂಟೇ ಇಲ್ಲ, ಫೋನಿನಿಂದ ಎಷ್ಟು ಕರೆದರೂ ಅದು ಏಳುವುದಿಲ್ಲ. ಸ್ವಿಚ್ಚಿನ ಮೇಲೆ ‘ಆರಿಸಬೇಡಿ’ ಎಂದು ಚೀಟಿ ಅಂಟಿಸಿದೆ. ಒಂದು ಸಂಜೆ ಅಪ್ಪ ಆ ಚೀಟಿಯ ಮುಂದೆ ನಿಂತು, ದೀಪ ಹಚ್ಚಿಕೊಡು ಎಂದು ನನ್ನನ್ನು ಕೂಗಿದರು. ತಮ್ಮ ಮನೆಯಲ್ಲಿ ದೀಪ ಹಚ್ಚಲು ಅವರು ಇನ್ನೊಬ್ಬರನ್ನು ಕರೆಯಬೇಕಾಯಿತಲ್ಲ ಎಂದು ನನಗೆ ಬಹಳ ನೋವಾಯಿತು. ಮರುದಿನವೇ ಆ ಬಲ್ಬುಗಳನ್ನು ಕಳಚಿದೆ.

ಅದರ ಬದಲು ಸ್ಮಾರ್ಟ್ ಸ್ವಿಚ್ ಹಾಕಿಸಿದೆ. ಬಲ್ಬು ಸಾಮಾನ್ಯದ್ದೇ, ಬುದ್ಧಿ ಇರುವುದು ಗೋಡೆಯಲ್ಲಿ. ಬಂದವರು ಎಂದಿನಂತೆ ಒತ್ತುತ್ತಾರೆ, ನಾನು ಬೇಕಾದರೆ ಫೋನಿನಿಂದ ಆರಿಸುತ್ತೇನೆ. ಒಂದು ಸ್ವಿಚ್ಚಿಗೆ ನಾಲ್ಕು ದೀಪವಿದ್ದರೆ ನಾಲ್ಕು ಸ್ಮಾರ್ಟ್ ಬಲ್ಬಿನ ಖರ್ಚೂ ಉಳಿಯಿತು. ಕೊಳ್ಳುವ ಮುಂಚೆ ಸ್ವಿಚ್ ಬಾಕ್ಸ್‌ನಲ್ಲಿ ನ್ಯೂಟ್ರಲ್ ತಂತಿ (ಸ್ವಿಚ್ಚು ತಾನೇ ಸದಾ ಎಚ್ಚರವಾಗಿರಲು ಬೇಕಾದ, ಕರೆಂಟು ಮರಳುವ ತಂತಿ) ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ನ್ಯೂಟ್ರಲ್ ಬೇಡದ ಸ್ವಿಚ್ಚುಗಳೂ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ಚೂರು ಕರೆಂಟು ಹರಿಸಿಕೊಂಡು ಬದುಕುವುದರಿಂದ ಕೆಲವು ಎಲ್‌ಇಡಿಗಳು ಆರಿದ ಮೇಲೂ ಮಿಣುಕುತ್ತವೆ.

ಇನ್ನು ಸಾರ್ಥಕವಾದ ಆ ಒಂದು ಜಾಗ. ಅಮ್ಮ ರಾತ್ರಿ ಎರಡು ಸಲವಾದರೂ ಎದ್ದು ಬಚ್ಚಲಿಗೆ ಹೋಗುತ್ತಾರೆ. ಸ್ವಿಚ್ ಇರುವುದು ಕಾರಿಡಾರಿನ ಆ ತುದಿಯಲ್ಲಿ. ಅಲ್ಲಿಯವರೆಗೆ ಗೋಡೆ ಸವರುತ್ತಾ ನಡೆಯುತ್ತಿದ್ದರು. ಅವರ ಭುಜದೆತ್ತರದಲ್ಲಿ, ಅಂಗೈ ತಾಗಿ ತಾಗಿ, ಬಣ್ಣದ ಮೇಲೆ ಮಾಸಲು ಪಟ್ಟಿಯೊಂದು ಮೂಡಿತ್ತು. ವರ್ಷಗಟ್ಟಲೆ ಅದನ್ನು ಕೊಳೆ ಎಂದೇ ನೋಡಿದ್ದೆ. ಒಂದು ರಾತ್ರಿ ಅವರು ಎಡವಿದಾಗ ಅದೇನೆಂದು ತಿಳಿಯಿತು. ಈಗ ಮಂಚದ ಕೆಳಗೆ ಚಲನೆ ಗುರುತಿಸುವ ಸೆನ್ಸರ್ ಇದೆ. ಪಾದ ನೆಲಕ್ಕೆ ತಾಗುತ್ತಲೇ ಕಾರಿಡಾರಿನ ಎರಡು ಸ್ಮಾರ್ಟ್ ದೀಪಗಳು ಕೆಂಡದ ಬಣ್ಣದಲ್ಲಿ ಮಂದವಾಗಿ ಹೊತ್ತಿಕೊಳ್ಳುತ್ತವೆ, ಐದು ನಿಮಿಷಕ್ಕೆ ತಾವೇ ಆರುತ್ತವೆ. ಸಂಜೆ ಅದೇ ದೀಪಗಳು ಪೂರ್ತಿ ಬೆಳಗುತ್ತವೆ. ರಾತ್ರಿ ಬಣ್ಣ ಬದಲಾಗುವುದು ಬರೀ ಅಂದಕ್ಕಲ್ಲ. ಹಗಲು ಯಾವುದು, ರಾತ್ರಿ ಯಾವುದು ಎಂದು ಮೈಗೆ ತಿಳಿಸುವ ಕಣ್ಣಿನ ಜೀವಕೋಶಗಳು ಹೆಚ್ಚು ಸ್ಪಂದಿಸುವುದು ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ. ನಡುರಾತ್ರಿ 6500 ಕೆಲ್ವಿನ್‌ನ, ಅಂದರೆ ನೀಲಿ ಛಾಯೆಯ, ಬಿಳಿ ದೀಪ ಮುಖಕ್ಕೆ ಹೊಡೆದರೆ ನಿದ್ದೆ ತರಿಸುವ ಮೆಲಟೋನಿನ್ ತಗ್ಗುತ್ತದೆ, ಮತ್ತೆ ಕಣ್ಣು ಹತ್ತುವುದು ತಡ. ನಿಮಗೆ ರಾತ್ರಿಯ ಮಂದ ಬೆಳಕಷ್ಟೇ ಸಾಕಿದ್ದರೆ, ಆ್ಯಪ್ ಬೇಡದ, ಪ್ಲಗ್ಗಿಗೆ ಸಿಕ್ಕಿಸುವ ಸೆನ್ಸರ್ ದೀಪವೇ ಸಾಕು. ಅದು ಬಹಳ ಅಗ್ಗ.

ಕೊಳ್ಳುವುದೇ ಆದರೆ ಇಂಟರ್ನೆಟ್ ಇಲ್ಲದಿದ್ದಾಗಲೂ ನಡೆಯುವುದನ್ನು ಕೊಳ್ಳಿ. ನಾನು ಮೊದಲು ಕೊಂಡ ಬಲ್ಬುಗಳ ಕಂಪನಿ ತನ್ನ ಸರ್ವರ್ ಮುಚ್ಚಿತು, ಫೋನಿನ ಆಜ್ಞೆ ಬಲ್ಬಿಗೆ ತಲುಪುತ್ತಿದ್ದುದೇ ಅದರ ಮೂಲಕ. ಚೆನ್ನಾಗಿದ್ದ ಬಲ್ಬುಗಳು ರಾತ್ರೋರಾತ್ರಿ ಬರೀ ಬಿಳಿ ದೀಪಗಳಾದವು. ಜಿಗ್‌ಬೀ ಹಬ್ (ಬಲ್ಬುಗಳೊಡನೆ ರೇಡಿಯೋದಲ್ಲಿ ಮಾತಾಡುವ, ಮನೆಯಲ್ಲೇ ಇಡುವ ಪೆಟ್ಟಿಗೆ) ಇದ್ದರೆ, ಅಥವಾ ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದಕ್ಕೊಂದು ಹೊಂದಲೆಂದು 2022ರಲ್ಲಿ ಬಂದ ಮ್ಯಾಟರ್ ಎಂಬ ಮಾನದಂಡಕ್ಕೆ ಒಪ್ಪುವ ಸಾಧನವಾದರೆ, ಆಜ್ಞೆ ಸಾಮಾನ್ಯವಾಗಿ ಮನೆಯೊಳಗಿನ ಜಾಲದಲ್ಲೇ ಓಡಾಡುತ್ತದೆ. ಕರೆಂಟು ಹೋಗಿ ಬಂದಾಗ ದೀಪ ಹಿಂದಿನ ಸ್ಥಿತಿಗೇ ಮರಳುವಂತೆ ಹೊಂದಿಸಬಹುದೇ ಎಂದೂ ಕೇಳಿ. ಆ ಸೌಲಭ್ಯವಿಲ್ಲದ ಬಲ್ಬುಗಳು ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಮನೆಯವರನ್ನೆಲ್ಲ ಎಬ್ಬಿಸುತ್ತವೆ.

ಹನ್ನೆರಡರ ಯೋಚನೆ ಸದ್ಯಕ್ಕೆ ಬಿಡಿ. ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕತ್ತಲಲ್ಲಿ ತಡಕಾಡುತ್ತಾರೆ ಎಂದು ಒಂದು ವಾರ ಗಮನಿಸಿ, ಆ ಒಂದು ಜಾಗಕ್ಕೆ ಮಾತ್ರ ಹಾಕಿಸಿ ನೋಡಿ.